ಟಗರಿಗಿಂತ ಮೊದಲು ಒಂದು ಗುಟುಕು

ನನ್ನ ತಮ್ಮ ಸಾಯಬಹುದಿತ್ತು. ಸಾಯದಿದ್ದರೆ ಕೊಲ್ಲಬಹುದಿತ್ತು, ಹಾಗಾಗಿದ್ದರೆ ಅವನು ಜೈಲಿಗೆ, ಅವನ ಹೆಂಡತಿ ತವರಿಗೆ, ಟಗರು ಕಸಾಯಿಖಾನೆಗೆ, ನಾನು ದಿನಾ ಕೋರ್ಟಿನ ಕಟ್ಟೆಗೆ. ನರಗುಂದದವರು ತಿರುಗಿಬಿದ್ದು ನಮ್ಮಿಬ್ಬರನ್ನೂ ಉಳ್ಳಾಗಡ್ಡಿ ಚೀಲಗಳ ನಡುವೆ ಹಣ್ಣಾಗಿಸಿ ಮಲಗಿಸಬಹುದಿತ್ತು. ಅಲ್ಲಿಗೆ ಮುಟ್ಟುವ ಮೊದಲೇ ನಮ್ಮ ಗಾಡಿ ಹತ್ತಿ ತುಂಬಿದ ಟ್ರ್ಯಾಕ್ಟರಿನ ಕೆಳಗೆ ಹೋಗಬಹುದಿತ್ತು. ತಮ್ಮ ಸಿಟ್ಟಿನಲ್ಲಿ ಒದ್ದ ವೆಲ್ಡಿಂಗಿನ ಸಿಲಿಂಡರು ಸಿಡಿದು ಓಣಿಯೇ ಎದ್ದು ಹೋಗಬಹುದಿತ್ತು. ಅವನ ಕಿಡ್ನಿ ಹೋಗಬಹುದಿತ್ತು, ಕಣ್ಣು ಹೋಗಬಹುದಿತ್ತು. ಟಗರು ನನ್ನ ಎದೆಗೂಡನ್ನು ಮುರಿಯಬಹುದಿತ್ತು. ಇವೆಲ್ಲವನ್ನೂ ನಾನು ಸಾಕಷ್ಟು ಮುಂಚಿತವಾಗಿಯೇ, ಹೊಲಿಗೆ ಯಂತ್ರ ತುಳಿಯುತ್ತಾ ತುಳಿಯುತ್ತಾ, ಒಂದೊಂದಾಗಿ ಯೋಚಿಸಿಟ್ಟಿದ್ದೆ. ಚಿಂತೆ ಮಾಡುವ ಕೆಲಸದಲ್ಲಿ ನನ್ನದು ಪಳಗಿದ ಕೈ. ಗಿರಾಕಿಯ ಅಂಗಿಗೆ ಗುಂಡಿ ಹಚ್ಚುವಾಗಲೇ ಅದು ಯಾವ ಬಸ್ಸಿನಲ್ಲಿ ಕಿತ್ತು ಬೀಳುತ್ತದೆ ಎಂದು ನನಗೆ ಕಾಣುತ್ತದೆ.

ಆದರೂ ಆ ವರ್ಷ ನಮ್ಮ ಮನೆಯಲ್ಲಿ ನಾನು ಹೆದರದೇ ಬಿಟ್ಟ ಒಂದೇ ವಸ್ತುವೆಂದರೆ ಕಿಟಕಿಯಲ್ಲಿಟ್ಟಿದ್ದ ತಾಕತ್ತಿನ ಬಾಟಲಿ. ಅದರ ಮೇಲೆ ವಿಟಮಿನ್ ಎಂದು ಬರೆದಿತ್ತು. ವಿಟಮಿನ್ನಿಗೆ ಯಾರಾದರೂ ಹೆದರುತ್ತಾರೆಯೇ?

ರೋಣದ ಬಜಾರಿನಲ್ಲಿ ನನ್ನದು ಹೊಲಿಗೆ ಅಂಗಡಿ. ನನಗಿಂತ ಹತ್ತು ವರ್ಷ ಚಿಕ್ಕವನಾದ ತಮ್ಮ ಗಜೇಂದ್ರಗಡದ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಇಬ್ಬರ ಸಂಸಾರಕ್ಕೂ ಮನೆ ಒಂದೇ, ಅಂಗಳ ಒಂದೇ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮನೆಗೊಂದು ಮೊಬೈಲು ಬಂದಿತ್ತು, ನಮ್ಮ ಅಂಗಳಕ್ಕೆ ಟಗರು ಬಂದಿತ್ತು. ತಮ್ಮ ಅದನ್ನು ಗಜೇಂದ್ರಗಡದ ಸಂತೆಯಲ್ಲಿ ಕೊಂಡು, ಟೆಂಪೋದಲ್ಲಿ ತನ್ನ ಎರಡು ಮೊಣಕಾಲುಗಳ ನಡುವೆ ಹಿಡಿದು ತಂದಿದ್ದ. ಕಪ್ಪು ಮೈ, ಕಿವಿಯ ಸುತ್ತ ಎರಡು ಸುತ್ತು ಸುತ್ತಿದ ಕೊಂಬು, ಗುದ್ದುವುದಕ್ಕಾಗಿಯೇ ದೇವರು ಕೊಟ್ಟಂಥ ಹಣೆ. ಕಾಳಗದ ಟಗರು.

ಅಂದಿನಿಂದ ನಮ್ಮ ಮನೆಯ ಬೆಳಗು ಗುದ್ದಿನಿಂದ ಶುರುವಾಯಿತು. ಅಂಗಳದ ಬೇವಿನ ಮರಕ್ಕೆ ಹಳೆಯ ಟ್ರ್ಯಾಕ್ಟರ್ ಟಾಯರು ಕಟ್ಟಿ ತಮ್ಮ ಟಗರನ್ನು ಬಿಡುತ್ತಿದ್ದ. ಅದು ಹಿಂದೆ ಹಿಂದೆ ಸರಿದು, ತಲೆ ತಗ್ಗಿಸಿ, ಬಂದು ಅಪ್ಪಳಿಸುತ್ತಿತ್ತು. ಮರ ನಡುಗುತ್ತಿತ್ತು, ಗೂಡಿನಲ್ಲಿದ್ದ ಕಾಗೆಗಳು ಬೈಯುತ್ತಾ ಏಳುತ್ತಿದ್ದವು, ಒಳಗೆ ಚಹಾದ ಕಪ್ಪು ಬಸಿಯ ಮೇಲೆ ಕುಣಿಯುತ್ತಿತ್ತು. ಟಾಯರು ಹರಿದ ಮೇಲೆ ಗೋಡೆಯನ್ನು ಗುದ್ದಲು ಕಲಿಯಿತು. ಆ ಗೋಡೆಯ ಆಚೆ ಬದಿಯಲ್ಲಿ ನನ್ನ ಹಾಸಿಗೆ.

ಟಗರು ಸಾಕುವವರಲ್ಲಿ ಒಂದು ಪದ್ಧತಿಯುಂಟು. ಕಾಳಗದ ಟಗರಿಗೆ ಬೇರೆ ಯಾರೂ ಮೇವು ಹಾಕುವಂತಿಲ್ಲ. ಸಾಕಿದವನೇ ನೆನೆಸಿದ ಹುರುಳಿ, ಕಡಲೆ, ಹಾಲು, ತತ್ತಿ ಎಲ್ಲವನ್ನೂ ಕೊಡಬೇಕು. ಕೊಡುವ ಮೊದಲು ಬಕೀಟಿನಿಂದ ಒಂದು ಹಿಡಿ ತಾನು ತಿನ್ನಬೇಕು. ಎದುರಾಳಿ ಏನಾದರೂ ಬೆರೆಸಿದ್ದರೆ ಮೊದಲು ತನಗೆ ತಿಳಿಯಲಿ ಎಂಬುದು ಕಾರಣ. ನಮ್ಮ ತಮ್ಮ ಈ ಪದ್ಧತಿಯನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ, ಅವನು ಬಾಯಿ ಆಡಿಸುವುದನ್ನು ನೋಡದೆ ಟಗರು ಬಕೀಟಿಗೆ ಮೂತಿ ಇಡುತ್ತಿರಲಿಲ್ಲ. ಇಬ್ಬರೂ ಎದುರುಬದುರು ಕುಳಿತು ಹುರುಳಿ ಅಗಿಯುವುದನ್ನು ನೋಡಿದರೆ ಬೀಗರ ಊಟದಂತಿರುತ್ತಿತ್ತು.

ಬಾಟಲಿ ಬಂದದ್ದು ಹೀಗೆ. ಗಜೇಂದ್ರಗಡದಲ್ಲಿ ದನದ ಔಷಧಿ ಮಾರುವ ಅಂಗಡಿಯಿದೆ. ಕಾಳಗದ ಟಗರಿನವರೆಲ್ಲ ಅಲ್ಲಿಂದ ತಾಕತ್ತಿನ ಔಷಧಿ ಒಯ್ಯುತ್ತಾರೆಂದು ಯಾರೋ ಹೇಳಿದರು. ಹಳದಿ ಬಣ್ಣದ, ಎಣ್ಣೆಯಂಥ ದ್ರವ. ತಮ್ಮ ತಂದ. ಟಗರಿಗೆ ಕೊಡುವ ಮೊದಲು ಪದ್ಧತಿಯಂತೆ ತಾನೊಂದು ಗುಟುಕು ಕುಡಿದ. ಟಗರಿಗೆ ಅದು ಸೇರಲಿಲ್ಲ. ಬಾಯಿಗೆ ಹುಯ್ದದ್ದನ್ನೆಲ್ಲ ತಲೆ ಝಾಡಿಸಿ ಗೋಡೆಗೆ ಉಗುಳಿತು. ಅದಕ್ಕೆ ಬುದ್ಧಿ ಕಲಿಸಬೇಕೆಂದು ತಮ್ಮ ಮತ್ತೊಂದು ಗುಟುಕು ಕುಡಿದು, ತುಟಿ ಚಪ್ಪರಿಸಿ ತೋರಿಸಿದ. ಇದು ದಿನಾ ನಡೆಯಿತು. ಟಗರಿನ ಹಿಂದಿನ ಗೋಡೆ ಹಳದಿಯಾಗುತ್ತಾ ಹೋಯಿತು, ಬಾಟಲಿಯ ಮಿಕ್ಕ ಪಾಲೆಲ್ಲ ತಮ್ಮನ ಹೊಟ್ಟೆಗೆ ಹೋಯಿತು. ಅವನಿಗೂ ಅದರ ಮೇಲೆ ನಂಬಿಕೆ ಬಂದಿತ್ತು. ತೋಳು ಬಿಗಿಹಿಡಿದು ನನಗೆ ಮುಟ್ಟಿ ನೋಡಲು ಹೇಳುತ್ತಿದ್ದ. ನಾನು ಮುಟ್ಟಿ, ಹೌದು ಎನ್ನುತ್ತಿದ್ದೆ.

ಯಾವಗಲ್ ಊರಿನ ಹತ್ತಿರ ಜೋಳ ಕೊಯ್ದ ಹೊಲದಲ್ಲಿ ಕಾಳಗ ಇಟ್ಟಿದ್ದರು. ಹಲ್ಲು ಎಣಿಸಿ ಜೋಡಿ ಮಾಡುತ್ತಾರೆ: ಹಾಲುಹಲ್ಲಿನವು ಹಾಲುಹಲ್ಲಿನವುಗಳ ಜತೆ, ನಾಲ್ಕು ಹಲ್ಲಿನವು ನಾಲ್ಕರ ಜತೆ. ನಮ್ಮದಕ್ಕೆ ನರಗುಂದದ ಒಬ್ಬ ಉಳ್ಳಾಗಡ್ಡಿ ವ್ಯಾಪಾರಿಯ ಬಿಳಿ ಟಗರು ಜೋಡಿಯಾಯಿತು. ನಾನು ಹೋಗಬಾರದೆಂದುಕೊಂಡು, ಹೋಗದಿದ್ದರೆ ಏನಾಗುತ್ತದೋ ಎಂಬ ಚಿಂತೆಗೆ ಹೋದೆ. ಎರಡೂ ಹಿಂದೆ ಸರಿದು ಓಡಿಬಂದು ಡಿಕ್ಕಿ ಕೊಟ್ಟಾಗ ಬಂದ ಸದ್ದು, ಕಲ್ಲಿನ ಮೇಲೆ ಹಸಿ ತೆಂಗಿನಕಾಯಿ ಒಡೆದಂತೆ, ನನ್ನ ಹಲ್ಲಿನ ಬೇರಿಗೆ ತಾಗಿತು. ಮತ್ತೆ ಸರಿದವು, ಮತ್ತೆ ಗುದ್ದಿದವು. ಬಿಳಿ ಟಗರಿನ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಅದು ಕಣ್ಣು ಮುಚ್ಚಿಯೇ ಬಂದು ಗುದ್ದುತ್ತಿತ್ತು. ಗುದ್ದಿದಾಗೊಮ್ಮೆ ರಕ್ತ ಎರಡರ ಮೈಮೇಲೂ ಸಿಡಿಯುತ್ತಿತ್ತು. ಕೊನೆಗೆ ಮುಂಗಾಲು ಮಡಚಿ ಕುಸಿಯಿತು. ಗೆದ್ದವರು ಕೇಕೆ ಹಾಕಿದರು, ಸೋತವರು ಬಡಿಗೆ ಎತ್ತಿದರು, ನಾನು ಒಂದು ಟ್ರ್ಯಾಕ್ಟರಿನ ಗಾಲಿಯ ಹಿಂದೆ ಸೇರಿಕೊಂಡೆ. ಬಡಿಗೆಗಳು ಯಾರ ಮೇಲೋ ಬಿದ್ದು ನಿಂತವು.

ಕೆಲವು ದಿನಗಳ ಮೇಲೆ ಆ ವ್ಯಾಪಾರಿಯೇ ನಮ್ಮ ಮನೆಗೆ ಬಂದ. ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಟಗರಿನ ಬೆನ್ನು ತಟ್ಟಿ ನೋಡಿದ, ಮಾರುತ್ತೀರಾ ಎಂದು ಕೇಳಿದ, ಇಲ್ಲವೆಂದಾಗ ನಕ್ಕು ಚಹಾ ಕುಡಿದ. ಹೋಗುವಾಗ ತನ್ನ ಚಂಚಿಯಿಂದ ಎಲೆಅಡಿಕೆ ತೆಗೆದು ತಮ್ಮನಿಗೆ ಕೊಟ್ಟ. ತಮ್ಮ ಹಾಕಿಕೊಂಡ. ಅದೊಂದು ಎಲೆಯಿಂದಲೇ ಮುಂದಿನದೆಲ್ಲ ಹುಟ್ಟಿತೆಂದು ನಮ್ಮ ಓಣಿ ನಂಬಿತು. ಯಾಕೆಂದರೆ ತಮ್ಮನ ಮೈ ಕೆಟ್ಟದ್ದು ಅದರ ಹಿಂದೆಯೇ.

ಮೊದಲು ತುಟಿ ಒಡೆದವು. ಬೇಸಿಗೆಯ ಎರೆಹೊಲ ಬಿರಿದಂತೆ ಬಿರಿದು, ಮಾತಾಡಿದರೆ ರಕ್ತ ಬರುತ್ತಿತ್ತು. ಅಂಗೈ ಅಂಗಾಲಿನ ಚರ್ಮ ಸುಲಿಯಿತು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಹುಬ್ಬು ಕೂಡ ತೆಳುವಾಯಿತು. ತಲೆನೋವು, ಎಲುಬುನೋವು, ಊಟ ಸೇರದು, ಎಷ್ಟು ನೀರು ಕುಡಿದರೂ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ. ಇವುಗಳ ಜತೆಗೆ ಸಿಟ್ಟು. ಮೊದಲಿನಿಂದಲೂ ಬಿರುಸಿನವನೇ, ಆದರೆ ಇದು ಬೇರೆ. ಟ್ರೇಲರಿನ ಕೊಂಡಿ ಸರಿಯಾಗಿಲ್ಲ ಎಂದ ರಾಜೂರಿನ ಗಿರಾಕಿಯೊಬ್ಬನ ಮೇಲೆ ಕಾದ ರಾಡನ್ನೇ ಎತ್ತಿದ. ಆ ಮನುಷ್ಯ ಚಪ್ಪಲಿ ಬಿಟ್ಟು ಓಡಿದ. ಸಿಲಿಂಡರನ್ನು ಒದ್ದ. ಟೀವಿಯ ಸದ್ದು ತಲೆಗೆ ಹತ್ತುತ್ತದೆಂದು ಅದನ್ನು ಎತ್ತಿ ಅಂಗಳಕ್ಕೆ ಎಸೆದ. ಸಮಾಧಾನ ಹೇಳಲು ಹೋದ ನನ್ನ ಕೊರಳಪಟ್ಟಿ ಹಿಡಿದು, ಟಗರು ಗುದ್ದುವ ಅದೇ ಗೋಡೆಗೆ ಒತ್ತಿ ನಿಲ್ಲಿಸಿದ. ಅವನ ಕಣ್ಣಲ್ಲಿ ನನ್ನ ತಮ್ಮ ಇರಲಿಲ್ಲ.

ನಾನು ಯೋಚಿಸಿದೆ: ಸಕ್ಕರೆ ಕಾಯಿಲೆ, ಕಾಮಾಲೆ, ತಲೆಯಲ್ಲಿ ಗಡ್ಡೆ, ಹುಚ್ಚುನಾಯಿ ಕಡಿತ. ಓಣಿಯವರಿಗೆ ಇಷ್ಟೆಲ್ಲ ಯೋಚಿಸುವ ತ್ರಾಸು ಇರಲಿಲ್ಲ. ಅವರಿಗೆ ಗೊತ್ತಿತ್ತು. ಕೂದಲು ಉದುರುವುದು, ಮೈ ಸೊರಗುವುದು, ಊಟ ಸೇರದಿರುವುದು: ಇದು ಮದ್ದು. ಯಾರೋ ತಿನ್ನುವುದರಲ್ಲಿ ಮದ್ದು ಹಾಕಿದ್ದಾರೆ. ಯಾರೆಂದು ಕೇಳುವುದೇ ಬೇಡ, ಎಲೆಅಡಿಕೆ ಕೊಟ್ಟವನು ಯಾರು? ಮದ್ದು ತೆಗೆಯುವವನೊಬ್ಬನ ಹತ್ತಿರ ಕರೆದೊಯ್ದರು. ಅವನು ಏನೋ ಕುಡಿಸಿ ವಾಂತಿ ಮಾಡಿಸಿ, ಅದರೊಳಗಿನಿಂದ ಒಂದು ಕರಿ ಉಂಡೆ ತೆಗೆದು ತೋರಿಸಿದ. ತಮ್ಮ ಇನ್ನೂ ಸೊರಗಿದ. ಸೊರಗಿದವನಿಗೆ ತಾಕತ್ತು ಬೇಕು. ಆದ್ದರಿಂದ ಅವನು ಬಾಟಲಿಯ ಗುಟುಕು ಹೆಚ್ಚು ಮಾಡಿದ. ಔಷಧಿ ಅಂಗಡಿಯಿಂದ ಬೇರೆ ವಿಟಮಿನ್ ಗುಳಿಗೆಗಳನ್ನೂ ತಂದು ಹಾಲಿನಲ್ಲಿ ನುಂಗಿದ. ಅವನು ಇಷ್ಟಾದರೂ ತಾಕತ್ತು ತಗೊಳ್ಳುತ್ತಿದ್ದಾನಲ್ಲ ಎಂದು ನಾನು ಸಮಾಧಾನಪಟ್ಟೆ. ಆ ದಿನಗಳಲ್ಲಿ ನನಗಿದ್ದ ಸಮಾಧಾನ ಅದೊಂದೇ.

ಒಂದು ಮಧ್ಯಾಹ್ನ ತಮ್ಮನ ಹೆಂಡತಿ ನನ್ನ ಅಂಗಡಿಗೆ ಬಂದಳು. ಬಜಾರಿಗೆ ಒಬ್ಬಳೇ ಬರುವ ಹೆಣ್ಣುಮಗಳಲ್ಲ. ಸೆರಗಿನ ಮರೆಯಿಂದಲೇ ಹೇಳಿದಳು.

"ಭಾವಾರ, ಲಗೂ ಬರ್ರಿ. ರಾಡ್ ತಗೊಂಡು ನರಗುಂದಕ್ಕ ಹೊಂಟಾರ್ರಿ. ಕೊಂದ ಬರ್ತೀನಿ ಅನ್ನಾಕತ್ತಾರ."

ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಓಡಿದೆ. ಅವನು ಗಾಡಿ ಚಾಲೂ ಮಾಡಿದ್ದ. ಟ್ಯಾಂಕಿನ ಮೇಲೆ ಅಡ್ಡ ರಾಡು. ತಡೆಯುವ ಶಕ್ತಿ ನನಗಿರಲಿಲ್ಲ. ಹಿಂದೆ ಹಾರಿ ಕುಳಿತು ಅವನ ನಡುವನ್ನು ತಬ್ಬಿಕೊಂಡೆ. ಇಳಿ ಎಂದ. ಇಳಿಯಲಿಲ್ಲ. ಮೊಣಕೈಯಿಂದ ನನ್ನ ಪಕ್ಕೆಗೆ ಗುದ್ದಿದ. ಆಗಲೂ ಇಳಿಯಲಿಲ್ಲ. ಇದನ್ನು ಧೈರ್ಯವೆಂದು ತಿಳಿಯಬೇಡಿ; ಗಾಡಿ ಆಗಲೇ ಓಡುತ್ತಿತ್ತು, ನನಗೆ ಇಳಿಯಲು ಭಯವಾಗಿತ್ತು. ದಾರಿಯುದ್ದಕ್ಕೂ ಹತ್ತಿಯ ಟ್ರ್ಯಾಕ್ಟರುಗಳು. ಒಂದರ ಮಗ್ಗುಲಿಗೆ ಸವರಿಕೊಂಡು ಹೋದಾಗ ಹತ್ತಿ ನನ್ನ ಬಾಯೊಳಗೆ ಬಂತು. ಅವನು ಎರಡು ಸಲ ಗಾಡಿ ನಿಲ್ಲಿಸಿ ವಾಂತಿ ಮಾಡಿದ, ಬಾಯಿ ಒರೆಸಿಕೊಂಡು ಮತ್ತೆ ಹತ್ತಿದ. ಏನೇ ಆದರೂ ಆ ರಾಡು ಯಾರ ತಲೆಗೂ ಬೀಳಬಾರದು, ಅಷ್ಟೇ ನನ್ನ ಬೇಡಿಕೆ. ಕೈಗೆ, ಕಾಲಿಗೆ ಬಿದ್ದರೆ ಹೇಗೋ ನೋಡಿಕೊಳ್ಳೋಣ ಎಂದು ದೇವರ ಜತೆ ಚೌಕಾಶಿಗೆ ಇಳಿದಿದ್ದೆ.

ವ್ಯಾಪಾರಿ ತನ್ನ ಉಗ್ರಾಣದ ಬಾಗಿಲಲ್ಲಿ ನಿಂತು ಚೀಲ ಎಣಿಸುತ್ತಿದ್ದ. ನಮ್ಮನ್ನು ನೋಡಿ, ಟಗರು ಮಾರಲು ಬಂದಿದ್ದೇವೆಂದು ತಿಳಿದನೋ ಏನೋ, ನಕ್ಕ. ಆ ನಗೆ ಮುಗಿಯುವ ಮೊದಲೇ ರಾಡು ಬಿತ್ತು. ತಲೆಗೇ ಗುರಿಯಿಟ್ಟದ್ದು, ನಾನು ನಡು ಹಿಡಿದು ಜೋತುಬಿದ್ದಿದ್ದರಿಂದ ಭುಜಕ್ಕೆ ಬಿತ್ತು. ಎಲುಬು ಮುರಿದದ್ದು ನನಗೆ ಕೇಳಿಸಿತು. ಮನುಷ್ಯ ಕೂಗಲಿಲ್ಲ. ಗಟ್ಟಿಯಿದ್ದ ಇನ್ನೊಂದು ಕೈಯಿಂದ ತಮ್ಮನ ಗಂಟಲು ಹಿಡಿದು ಚೀಲಗಳ ಒಟ್ಟಿಲಿಗೆ ಎತ್ತಿ ಬಡಿದ. ಚೀಲ ಉರುಳಿ ಉಳ್ಳಾಗಡ್ಡಿ ನಾಲ್ಕೂ ಕಡೆ ಹರಿದವು. ಹಮಾಲರು ಚೀಲ ಎತ್ತುವ ಕಬ್ಬಿಣದ ಕೊಕ್ಕೆಗಳನ್ನು ಹಿಡಿದೇ ಸುತ್ತುಗಟ್ಟಿದರು. ಒಂದು ಕೊಕ್ಕೆಯ ತುದಿ ನನ್ನ ಅಂಗಿಯ ತೋಳಿಗೆ ಸಿಕ್ಕು ಹೆಗಲಿನಿಂದ ಮುಂಗೈವರೆಗೆ ಸೀಳಿತು, ಒಳಗಿನ ಕೈಗೆ ತಾಗಲಿಲ್ಲ. ತಮ್ಮ ಮತ್ತೆ ರಾಡು ಎತ್ತಿದ. ವ್ಯಾಪಾರಿ ಅವನ ಮುಖಕ್ಕೆ ಗುದ್ದಲು ಮುಷ್ಟಿ ಹಿಂದಕ್ಕೆ ತೆಗೆದ.

ಆ ಮುಷ್ಟಿ ಬೀಳಲಿಲ್ಲ. ಬೀಳುವ ಮೊದಲೇ ತಮ್ಮನ ಕಣ್ಣು ಮೇಲಾದವು, ರಾಡು ಕೈಯಿಂದ ಜಾರಿತು, ಮೈ ಬಿಳಿ ಟಗರಿನ ಹಾಗೆಯೇ ಮೊಣಕಾಲಿಗೆ ಮಡಚಿ ಉಳ್ಳಾಗಡ್ಡಿಯ ಮೇಲೆ ಬಿತ್ತು. ಬಿದ್ದಲ್ಲೇ ವಾಂತಿ.

"ಏ, ನಾ ಇನ್ನೂ ಹೊಡದಿಲ್ಲೋ," ಎಂದ ವ್ಯಾಪಾರಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ.

ಅವನದೇ ಟೆಂಪೋದಲ್ಲಿ ದವಾಖಾನೆಗೆ ಒಯ್ದೆವು. ಒಬ್ಬರು ಮಂಚದ ಮೇಲೆ, ಇನ್ನೊಬ್ಬರು ಪಕ್ಕದ ಸ್ಟೂಲಿನ ಮೇಲೆ ಮುರಿದ ಭುಜ ಹಿಡಿದುಕೊಂಡು. ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ರಕ್ತ ಪರೀಕ್ಷೆ ಮಾಡಿಸಿ, ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಇರಬೇಕಾದ್ದಕ್ಕಿಂತ ಬಹಳ ಹೆಚ್ಚಾಗಿದೆ, ಕಿಡ್ನಿ ತ್ರಾಸಿನಲ್ಲಿದೆ ಎಂದರು. ಏನೇನು ತಿಂದಿದ್ದಾನೆ ಎಂದು ಕೇಳಿದರು. ಇಂಥ ಪ್ರಶ್ನೆಗೆಂದೇ ನಾನು ಹುಟ್ಟಿದವನು. ಎಲೆಅಡಿಕೆಯಿಂದ ಹಿಡಿದು ಮದ್ದು ತೆಗೆಯುವವನ ಕಷಾಯದವರೆಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಗುಳಿಗೆ, ಟಾನಿಕ್ಕು? ಹ್ಞಾಂ, ತಾಕತ್ತಿನದು ಅಷ್ಟೇ, ಎಂದೆ. ತರಿಸಿ ಎಂದರು. ಸಂಜೆಯ ಬಸ್ಸಿಗೆ ತಮ್ಮನ ಹೆಂಡತಿ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಡಾಕ್ಟರು ಕನ್ನಡಕ ಏರಿಸಿ ಚೀಟಿ ಓದಿದರು.

"ಇದು ದನದ್ದು. ಇದನ್ನ ಯಾರು ಕುಡದಾರ?"

"ನಾನ್ರಿ," ಎಂದ ತಮ್ಮ ಮಂಚದಿಂದ. "ಟಗರಿಗಿ ಕೊಡೂಕಿಂತ ಮೊದಲ ನಾವು ಕುಡೀಬೇಕ್ರಿ."

"ಟಗರು ಏನ್ ಮಾಡ್ತು?"

"ಉಗುಳ್ತ್ರಿ."

"ಅದಕ್ಕ ಬುದ್ಧಿ ಐತಿ."

ಆಮೇಲೆ ಅವರು ತಿಳಿಸಿ ಹೇಳಿದರು. ಕೆಲವು ವಿಟಮಿನ್ನುಗಳು ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತವೆ, ಆದರೆ ಅವೂ ಅತಿಯಾದರೆ ಒಳ್ಳೆಯವಲ್ಲ. ಈ ಬಾಟಲಿಯಲ್ಲಿರುವ ಎ, ಡಿ ಅಂಥವು ಕೊಬ್ಬಿನಲ್ಲಿ ಕರಗುವಂಥವು, ಹೊರಗೆ ಹೋಗುವುದಿಲ್ಲ, ಯಕೃತ್ತಿನಲ್ಲೂ ಕೊಬ್ಬಿನಲ್ಲೂ ಕೂಡುತ್ತಾ ಹೋಗುತ್ತವೆ. ಒಂದು ತುಟಿ ಒಡೆಯುತ್ತದೆ, ಕೂದಲು ಉದುರಿಸುತ್ತದೆ, ತಲೆ ಸಿಡಿಸುತ್ತದೆ; ಇನ್ನೊಂದು ಸುಣ್ಣವನ್ನು ರಕ್ತಕ್ಕೆ ತುಂಬಿ ಕಿಡ್ನಿ ಕೆಡಿಸುತ್ತದೆ, ಬಾಯಾರಿಸುತ್ತದೆ, ತಲೆ ತಿರುಗಿಸುತ್ತದೆ. ದಿನಾ ಬಾಟಲಿ, ಅದರ ಮೇಲೆ ಗುಳಿಗೆ. ಇನ್ನು ಕೆಲವು ದಿನ ಹೀಗೇ ಕುಡಿದಿದ್ದರೆ ನರಗುಂದದವರು ಹೊಡೆಯುವ ಅಗತ್ಯವೇ ಇರುತ್ತಿರಲಿಲ್ಲ.

ಸ್ಟೂಲಿನ ಮೇಲಿದ್ದ ವ್ಯಾಪಾರಿ ಇದನ್ನೆಲ್ಲ ಗಮನವಿಟ್ಟು ಕೇಳಿದ. ಅವನ ಭುಜಕ್ಕೆ ಪಟ್ಟಿ ಕಟ್ಟುತ್ತಿದ್ದರು.

"ಅಂದ್ರ ಸಾಹೇಬ್ರ, ಮದ್ದು ನಾ ಹಾಕಿದ್ದಲ್ಲ?"

"ಅಲ್ಲ. ಅಂವ ತಾನ ಹಾಕ್ಕೊಂಡಾನ."

ತಮ್ಮ ಗೋಡೆಯ ಕಡೆ ಮುಖ ತಿರುಗಿಸಿದ. ಕೂದಲಿಲ್ಲದ ಅವನ ಹಿಂದಲೆ ಎಳೆಕೂಸಿನದರಂತೆ ಕಾಣುತ್ತಿತ್ತು. ಕಿಡ್ನಿ ಉಳಿಯುತ್ತದೋ ಇಲ್ಲವೋ ಕೆಲವು ದಿನ ನೋಡಬೇಕು ಎಂದು ಡಾಕ್ಟರು ಸಲಾಯಿನ್ ಹಚ್ಚಿಸಿದರು; ಹಾಲು, ತತ್ತಿ, ಗುಳಿಗೆ ಎಲ್ಲ ಬಂದ್.

ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದ ವ್ಯಾಪಾರಿಯ ಮುಂದೆ ನಾನು ಕೈಕಟ್ಟಿ ನಿಂತೆ. ಪೊಲೀಸರಿಗೆ ಹೇಳುತ್ತೀರಾ ಎಂದು ಕೇಳಿದೆ. ಅವನು ತನ್ನ ಲೆಕ್ಕ ಹೇಳಿದ.

"ಹೋಳಿ ಹುಣ್ಣಿವಿಗೆ ಅಸೂಟಿ ಊರಾಗ ಕಾಳಗ ಐತಿ. ನಿಮ್ಮ ಟಗರು ಅಲ್ಲಿ ನಿಂದರಬೇಕು, ನನ್ನ ಟಗರು ಅದನ್ನ ಕೆಡವಬೇಕು. ಅಷ್ಟಾತಂದ್ರ ನನ್ನ ಭುಜದ ಲೆಕ್ಕ ಚುಕ್ತಾ. ಟಗರೇನರೆ ಅದಕ್ಕೂ ಮೊದಲ ಸತ್ತಿತ್ತಂದ್ರ, ಸ್ಟೇಷನ್ನಿಗೆ ಹೋಗಾಂವ ನಾ."

ತಮ್ಮನನ್ನು ಜೈಲಿನಿಂದ ದೂರ ಇಡುವುದು ಈಗ ಟಗರಿನ ಜೀವ. ನಾನು ಅದೇ ರಾತ್ರಿಯ ಕೊನೆಯ ಬಸ್ಸು ಹಿಡಿದು ರೋಣಕ್ಕೆ ಬಂದೆ. ಮರುದಿನ ನೋಡಿದರೆ ಟಗರು ಬಕೀಟು ಮುಟ್ಟಿಲ್ಲ. ಅದರ ಮರುದಿನವೂ ಇಲ್ಲ. ನೆರೆಯವರ ಕೈಯಿಂದ ಸೊಪ್ಪು ಹಾಕಿಸಿದೆ, ಬೆಲ್ಲ ತೋರಿಸಿದೆ, ದನದ ಡಾಕ್ಟರನ್ನು ಕರೆಸಿದೆ. ರೋಗವೇನೂ ಇಲ್ಲ ಎಂದು ಹೇಳಿ ಹೋದರು. ಪಕ್ಕೆಯ ಎಲುಬು ಕಾಣತೊಡಗಿದವು. ಗೂಟಕ್ಕೆ ಕಟ್ಟಿದಲ್ಲೇ ಗೋಡೆಯನ್ನು ಗುದ್ದುತ್ತಿತ್ತು, ಹಣೆ ಕೆತ್ತಿ ರಕ್ತ ಬಂದರೂ ಬಿಡದೆ. ಆ ರಕ್ತ ಗೋಡೆಯ ಹಳದಿಯ ಮೇಲೆ ಒಣಗುತ್ತಿತ್ತು. ದವಾಖಾನೆಯಿಂದ ಬಟ್ಟೆ ಒಯ್ಯಲು ಬಂದ ತಮ್ಮನ ಹೆಂಡತಿ ಬಾಗಿಲ ಹಿಂದೆ ನಿಂತು ಹೇಳಿದಳು.

"ಭಾವಾರ, ಅದರ ಮುಂದ ಮನಿಯವರು ಯಾರರೆ ತಿನ್ನಬೇಕ್ರಿ. ತಿನ್ನೂದು ನೋಡಿದ್ರನ ಅದು ಬಾಯಿ ಹಾಕ್ತೈತಿ."

ಮನೆಯವರು ಎಂದರೆ ಆ ಹೊತ್ತಿಗೆ ಅಂಗಳದಲ್ಲಿದ್ದವನು ನಾನೊಬ್ಬನೇ. ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ, ಮತ್ತೆ ಒಳಗೆ ಹೋದಳು.

ನಾನು ಬಕೀಟು ಹಿಡಿದು ಹೋದೆ. ಹಗ್ಗದ ಉದ್ದ ಕಣ್ಣಲ್ಲೇ ಅಳೆದೆ. ಅಳತೆ ನನ್ನ ಕಸುಬು. ಟಗರು ತಲೆ ತಗ್ಗಿಸಿ ಮುಂಗಾಲಿನಿಂದ ನೆಲ ಕೆರೆಯಿತು. ಹಗ್ಗ ಹರಿಯಬಹುದು. ಗೂಟ ಕೀಳಬಹುದು. ಎದೆಗೆ ಬಂದರೆ ಎಡಕ್ಕೆ ಹೊರಳಬೇಕೋ, ಬಲಕ್ಕೋ? ಕಣ್ಣಿಗೆ ಕೊಂಬು ತಾಗಿದರೆ ಸೂಜಿಗೆ ದಾರ ಪೋಣಿಸುವುದು ಹೇಗೆ? ಹಗ್ಗ ಮುಟ್ಟುವ ಅಂಚಿಗೆ ಕುಕ್ಕರಗಾಲಿನಲ್ಲಿ ಕುಳಿತೆ. ನೆನೆಸಿದ ಹುರುಳಿಯ ಬಕೀಟನ್ನು ನಮ್ಮಿಬ್ಬರ ನಡುವೆ ಇಟ್ಟೆ. ತಮ್ಮ ಮಾಡುತ್ತಿದ್ದ ಹಾಗೆ ಒಂದು ಹಿಡಿ ತೆಗೆದು ಅದಕ್ಕೆ ತೋರಿಸಿ ಬಾಯಿಗೆ ಹಾಕಿಕೊಂಡೆ, ಅದರ ಕಣ್ಣನ್ನೇ ನೋಡುತ್ತಾ ಜೋರಾಗಿ ಅಗಿದೆ.

ಒಂದು ಸದ್ದಾಯಿತು. ಯಾವಗಲ್ಲಿನ ಹೊಲದಲ್ಲಿ ಕೇಳಿದಂಥದ್ದೇ, ಆದರೆ ಈ ಸಲ ನನ್ನ ಬಾಯೊಳಗೆ.

ಟಗರು ಕೆರೆಯುವುದನ್ನು ನಿಲ್ಲಿಸಿತು. ನನ್ನನ್ನೊಮ್ಮೆ ನೋಡಿ, ಮುಂದೆ ಬಂದು, ನನ್ನ ಮೊಣಕಾಲಿಗೆ ಮೈ ತಾಗಿಸಿ ಬಕೀಟಿಗೆ ಮೂತಿ ಇಟ್ಟಿತು. ಹಸಿದ ಪ್ರಾಣಿ ಉಣ್ಣುವ ಸದ್ದು ಅಂಗಳದ ತುಂಬ ಕೇಳಿಸಿತು. ಅದು ಅರ್ಧ ಬಕೀಟು ಮುಗಿಸುವವರೆಗೆ ಅಲುಗದೆ ಕುಳಿತಿದ್ದೆ. ಆಮೇಲೆ ಮೆಲ್ಲಗೆ ಅಂಗೈಗೆ ಉಗುಳಿದೆ: ಅಗಿದ ಹುರುಳಿ, ಒಂದಿಷ್ಟು ರಕ್ತ, ಜೋಳದ ಕಾಳಿನಷ್ಟು ಕರಿಕಲ್ಲು, ಮತ್ತು ನನ್ನ ಬಲಗಡೆಯ ದವಡೆ ಹಲ್ಲಿನ ಅರ್ಧ.